ದೇವರ ಪಾಲು, ದುಡಿದವರ ಪಾಲು: ಗುಡೇಕೋಟೆ ಸೀಮೆಯ ಜನಪದರಲ್ಲಿ ಫಲದ ಕರ್ತೃತ್ವ

ಮನುಷ್ಯ ತನ್ನ ಕೈಯಾರೆ ದುಡಿದು ಗಳಿಸಿದ ಫಲದ ಶ್ರೇಯಸ್ಸು ದೇವರಿಗೆ ಸಲ್ಲಬೇಕೆ ಎಂಬ ಪ್ರಶ್ನೆ ಹಳೆಯದು. ದೈವ ಹೆಚ್ಚೋ ಪುರುಷಪ್ರಯತ್ನ ಹೆಚ್ಚೋ ಎಂಬ ಜಿಜ್ಞಾಸೆಯನ್ನು ಮಹಾಭಾರತದ ಅನುಶಾಸನಪರ್ವವು ಬೀಜ ಮತ್ತು ಹೊಲಗಳ ಹೋಲಿಕೆಯ ಮೂಲಕ ಚರ್ಚಿಸುತ್ತದೆ. ಶಾಸ್ತ್ರಗ್ರಂಥಗಳಲ್ಲಿ ಬೀಜವೂ ಹೊಲವೂ ಉಪಮಾನಗಳು. ಆದರೆ ಬಿತ್ತುವವರ ಬದುಕಿನಲ್ಲಿ ಅವು ಬೀಜ ಮತ್ತು ಹೊಲಗಳೇ ಆಗಿವೆ. ಈ ಕಾರಣದಿಂದ ಜನಪದರಲ್ಲಿ ಈ ಪ್ರಶ್ನೆ ವಾದದ ರೂಪದಲ್ಲಿ ಎದುರಾಗುವುದು ವಿರಳ. ಕಣದಲ್ಲಿ ಕಾಳು ಅಳೆಯುವಾಗ, ಕೂಲಿ ಕೊಡುವಾಗ, ಮಳೆ ಕೈಕೊಟ್ಟಾಗ ಅದು ಆಚರಣೆಯ ರೂಪದಲ್ಲಿ ತಲೆಯೆತ್ತುತ್ತದೆ. ಪಂಡಿತರು 'ಕಾರಣ ಯಾರು' ಎಂದು ಕೇಳಿದರೆ ಜನಪದರು 'ಪಾಲು ಎಷ್ಟು' ಎಂದು ಕೇಳುತ್ತಾರೆ. ಈ ವ್ಯತ್ಯಾಸವನ್ನು ಗುಡೇಕೋಟೆ ಮತ್ತು ಅದರ ಸುತ್ತಲ ಸೀಮೆಯ ಆಚರಣೆ, ಐತಿಹ್ಯ ಮತ್ತು ಮಾತಿನ ರೂಢಿಗಳನ್ನು ಆಧರಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಪಾಳೆಯಗಾರರ ನೆಲೆಯಾಗಿದ್ದ ಊರು. ಹೆಬ್ಬಂಡೆಗಳ ಬೆಟ್ಟಸಾಲಿನ ಮೇಲೆ ಕೋಟೆಯ ಅವಶೇಷಗಳಿವೆ. ಅದೇ ಬೆಟ್ಟಗಳ ಕುರುಚಲು ಕಾಡು 2013ರಲ್ಲಿ ಕರಡಿಧಾಮವೆಂದು ಘೋಷಿತವಾಯಿತು. 1953ರವರೆಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಗೆ, ಆ ಬಳಿಕ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಭಾಗ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿದೆ. ಪಶ್ಚಿಮಕ್ಕೆ ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ಸೀಮೆಗಳಿದ್ದರೆ, ದಕ್ಷಿಣಕ್ಕೆ ಮೊಳಕಾಲ್ಮೂರು, ಚಳ್ಳಕೆರೆಗಳ ಬಯಲಿದೆ. ನಾಯಕ, ಮ್ಯಾಸಬೇಡ, ಕಾಡುಗೊಲ್ಲ, ಕುರುಬ, ಲಿಂಗಾಯತ, ಮಾದಿಗ, ಲಂಬಾಣಿ ಮೊದಲಾದ ಸಮುದಾಯಗಳ ಒಕ್ಕಲುತನ, ಕೂಲಿ ಹಾಗೂ ಪಶುಪಾಲನೆಗಳು ಇಲ್ಲಿ ಒಂದರೊಳಗೊಂದು ಬೆರೆತಿವೆ. ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯ 1953ರಲ್ಲಿ ಸಿದ್ಧವಾದರೂ ಅದರ ಕಾಲುವೆಗಳು ಕೂಡ್ಲಿಗಿಯ ಎತ್ತರದ ನೆಲಕ್ಕೆ ನೀರು ತರಲಿಲ್ಲ. ಜೋಳ, ನವಣೆ, ಸಜ್ಜೆ, ಶೇಂಗಾ ಹಾಗೂ ಈಚಿನ ಮೆಕ್ಕೆಜೋಳ ಬೆಳೆಯುವ ಇಲ್ಲಿನ ಹೊಲಗಳು ಹೆಚ್ಚಾಗಿ ಮಳೆಯನ್ನೇ ನಂಬಿವೆ. ಒಂದೇ ರೀತಿ ಹರಗಿ, ಒಂದೇ ರೀತಿ ಬಿತ್ತಿದ ಎರಡು ವರ್ಷಗಳ ಫಲ ಒಂದೇ ಆಗಿರುವುದಿಲ್ಲ. ಪ್ರಸ್ತುತ ಪ್ರಶ್ನೆಗೆ ಈ ಸೀಮೆ ತಕ್ಕ ಕ್ಷೇತ್ರವಾಗಿರುವುದಕ್ಕೆ ಇದೇ ಕಾರಣ. ಕಾಲುವೆಯ ನೀರಿರುವಲ್ಲಿ ದುಡಿಮೆಗೂ ಫಲಕ್ಕೂ ಇರುವ ಸಂಬಂಧ ಬಹುಮಟ್ಟಿಗೆ ನೇರವಾದುದು. ಇಲ್ಲಿ ಆ ಎರಡರ ನಡುವೆ ಆಕಾಶವಿದೆ.

ಮೊದಲು ಮಾತಿನ ರೂಢಿಯನ್ನು ಗಮನಿಸಬಹುದು. ಬೆಳೆಯ ವಿಷಯದಲ್ಲಿ ಈ ಸೀಮೆಯ ರೈತರು ಬಳಸುವ ವಾಕ್ಯಗಳಲ್ಲಿ ಕರ್ತೃ ಬಹುಮಟ್ಟಿಗೆ ಮರೆಯಾಗಿರುತ್ತಾನೆ. 'ನಾನು ಹತ್ತು ಚೀಲ ಬೆಳೆದೆ' ಎನ್ನುವುದಕ್ಕಿಂತ 'ನಮಗೆ ಹತ್ತು ಚೀಲ ಆತು' ಎನ್ನುವುದು ಸಹಜ. ಇಲ್ಲಿ ದುಡಿದವನು ಚತುರ್ಥೀ ವಿಭಕ್ತಿಯಲ್ಲಿದ್ದಾನೆ. ಮಾಡಿದವನಾಗಿ ಅಲ್ಲ, ಪಡೆದವನಾಗಿ. ಆದರೆ ಕೊಟ್ಟವನ ಹೆಸರೂ ವಾಕ್ಯದಲ್ಲಿಲ್ಲ. ಯಾರಾದರೂ ಒತ್ತಾಯಿಸಿ ಕೇಳಿದಾಗ ಮಾತ್ರ 'ದೇವರು ಕೊಟ್ಟ' ಎಂಬ ಉತ್ತರ ಹೊರಬೀಳುತ್ತದೆ. ಈ ಉತ್ತರವನ್ನು ಭಕ್ತಿಯ ಉದ್ಗಾರವೆಂದಷ್ಟೇ ತಿಳಿಯುವುದು ಅವಸರದ ತೀರ್ಮಾನವಾದೀತು. ಹುಲುಸಾದ ಬೆಳೆಗೆ, ಹಾಲು ಕರೆಯುವ ಎಮ್ಮೆಗೆ, ತೊಟ್ಟಿಲ ಮಗುವಿಗೆ ಜನರ ಕಣ್ಣು ತಾಗುತ್ತದೆ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಹೊಲದಲ್ಲಿ ನಿಲ್ಲಿಸುವ ಬೆರ್ಚಪ್ಪ, ಸುಣ್ಣದ ಬೊಟ್ಟಿಟ್ಟು ಕವುಚಿದ ಮಡಕೆ ಇವೆಲ್ಲ ಹಕ್ಕಿಗಳನ್ನು ಬೆದರಿಸುವ ಜೊತೆಗೆ ನೆರೆಯವರ ನೋಟವನ್ನೂ ತಡೆಯುತ್ತವೆ. 'ದೇವರು ಕೊಟ್ಟ' ಎಂಬುದು ಈ ಬಗೆಯ ಮಾತಿನ ಬೆರ್ಚಪ್ಪ. ಗೆಲುವನ್ನು ತನ್ನದೆಂದು ಸಾರಿಕೊಂಡವನು ಹೊಟ್ಟೆಕಿಚ್ಚಿಗೆ ಗುರಿಯಾಗುತ್ತಾನೆ. ದೇವರ ಹೆಸರಿಗೆ ಬರೆದವನು ಊರಿನೊಳಗೆ ಊರಿನವನಾಗಿ ಉಳಿಯುತ್ತಾನೆ. ತನ್ನ ದುಡಿಮೆಗೆ ಬೆಲೆಯಿಲ್ಲವೆಂದು ಆ ರೈತ ಒಪ್ಪಿದನೆಂದು ಇದರ ಅರ್ಥವಲ್ಲ. ಅದೇ ಬಾಯಿ 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಮಗನಿಗೆ ಬುದ್ಧಿ ಹೇಳುತ್ತದೆ. ಎರಡು ಮಾತುಗಳ ಸಂದರ್ಭ ಬೇರೆ, ಕೇಳುಗರು ಬೇರೆ.

ಈ ವಿಷಯ ಸ್ಪಷ್ಟ ರೂಪ ತಾಳುವುದು ಕಣದಲ್ಲಿ. ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ಸಗಣಿ ಸಾರಿಸಿ ಸಿದ್ಧಪಡಿಸಿದ ಕಣದ ನಡುವೆ ಮೇಟಿ ನೆಡುತ್ತಾರೆ. ಅದರ ಸುತ್ತ ಎತ್ತುಗಳ ಸಾಲು ಕಟ್ಟಿ ತೆನೆ ತುಳಿಸುವುದೇ ಹಂತಿ. ಹಂತಿ ಹೊಡೆಯುವಾಗ ಹಾಡುವ ಪದಗಳದೇ ಒಂದು ಪ್ರಕಾರ ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಬೆಳೆದಿದೆ. ಕಣವನ್ನು ಮೆಟ್ಟು ಬಿಟ್ಟು ಪ್ರವೇಶಿಸಬೇಕು. ತೂರಿದ ಕಾಳು ರಾಶಿಯಾದ ಮೇಲೆ ಸಗಣಿಯ ಬೆನಕನನ್ನು ಮಾಡಿ, ಗರಿಕೆ ಸಿಕ್ಕಿಸಿ ಪೂಜಿಸುತ್ತಾರೆ. ನಂತರ ಅಳತೆ ಆರಂಭವಾಗುತ್ತದೆ. ಮೊದಲ ಅಳತೆಯನ್ನು 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಆ ಬಳಿಕವೇ ಎರಡು, ಮೂರು. ಹಲವೆಡೆ ಏಳನೆಯ ಅಳತೆಗೂ ಹೆಸರು ಬದಲಾಗಿ 'ಮತ್ತೊಂದು' ಎನಿಸಿಕೊಳ್ಳುತ್ತದೆ. ಕಣದಲ್ಲಿ 'ಏಳು' ಎಂದರೆ ಲಕ್ಷ್ಮಿಗೆ ಎದ್ದುಹೋಗೆಂದು ಹೇಳಿದಂತಾಗುತ್ತದೆ ಎಂಬುದು ಜನರು ಕೊಡುವ ವಿವರಣೆ. ಇದೇ ಬಗೆಯ ಲೆಕ್ಕ ನೆರೆಯ ತೆಲುಗು ಸೀಮೆಯಲ್ಲೂ ಇದೆ. ಈ ಹೊತ್ತಿನಲ್ಲಿ ಕೇಳಿಬರುವ 'ಹುಲಿಗೋ' ಎಂಬ ಕೂಗಿಗೂ ಹುಲಿಗೂ ಸಂಬಂಧವಿಲ್ಲ. ಹೆಚ್ಚಳ, ಸಮೃದ್ಧಿ ಎಂಬ ಅರ್ಥದ 'ಪೊಲಿ' ಶಬ್ದವೇ ಇದರ ಮೂಲ. ತುಳುನಾಡಿನ 'ಪೊಲಿ ಪೊಲಿ' ಎಂಬ ಉದ್ಗಾರದಲ್ಲಿ ಅದು ಹಳೆಯ ರೂಪದಲ್ಲೇ ಉಳಿದಿದೆ.

ಇಲ್ಲಿ ಗಮನಾರ್ಹವಾದ ಅಂಶವೊಂದಿದೆ. ಮೊದಲ ಅಳತೆ ಕೆಲವೆಡೆ ದೇವರ ಹೆಸರಿನಲ್ಲಿ ಬೇರೆಯಾಗಿ ಉಳಿಯುತ್ತದೆ. ಕೆಲವೆಡೆ ಹೆಸರಷ್ಟೇ ದೇವರದು, ಕಾಳು ಮನೆಯದೇ. ಎರಡೂ ಕಡೆ ದೇವರಿಗೆ ಸಲ್ಲುವುದು ಮೊದಲನೆಯದು, ಸಣ್ಣದು, ಎಲ್ಲರೆದುರು ಸಲ್ಲುವಂಥದು. ರಾಶಿಯೆಲ್ಲ ದೇವರದೆಂದು ಯಾರೂ ಹೇಳುವುದಿಲ್ಲ. ದೇವರ ಪಾಲು ಎತ್ತಿದ ಕೂಡಲೇ ಉಳಿದ ಪಾಲುಗಾರರ ಸರದಿ ಬರುತ್ತದೆ. ಕುಂಟೆ ಕೂರಿಗೆ ಮಾಡಿಕೊಟ್ಟ ಬಡಗಿ, ಕುಳ ಬಡಿದ ಕಮ್ಮಾರ, ಮಿಣಿ ಬಾರುಕೋಲು ಒದಗಿಸಿದ ಮಾದಿಗ, ಮಡಕೆ ಕೊಟ್ಟ ಕುಂಬಾರ, ಅಗಸ, ಕ್ಷೌರಿಕ, ಊರ ತಳವಾರ ಹೀಗೆ ಆಯಗಾರರೆಲ್ಲ ಕಣಕ್ಕೆ ಬಂದು ತಮ್ಮ ಆಯ ಪಡೆಯುತ್ತಿದ್ದರು. ಹಾಡಿ ಬೇಡುವವರು ಬರುತ್ತಿದ್ದರು. ಹೊಲದಲ್ಲಿ ಉದುರಿದ ತೆನೆಯನ್ನು ಹಕ್ಕಲಾಯಲು ಬಡವರ ಹೆಂಗಸರು ಮಕ್ಕಳಿಗೆ ಅವಕಾಶವಿತ್ತು. ಯಹೂದ್ಯರ ಧರ್ಮಗ್ರಂಥದಲ್ಲಿಯೂ ಮೊದಲ ಫಲದ ಬುಟ್ಟಿಯನ್ನು ದೇವರ ಮುಂದಿಡುವ ವಿಧಿ ಮತ್ತು ಹೊಲದ ಅಂಚಿನ ತೆನೆಯನ್ನು ಬಡವರಿಗೆ ಬಿಡುವ ವಿಧಿ ಎರಡೂ ಇವೆ ಎಂಬುದನ್ನು ಇಲ್ಲಿ ನೆನೆಯಬಹುದು. ಒಕ್ಕಲುತನದ ಸಮಾಜಗಳು ದೂರದೂರದಲ್ಲಿದ್ದೂ ಒಂದೇ ಬಗೆಯ ಲೆಕ್ಕಕ್ಕೆ ಬಂದು ತಲುಪಿವೆ. ಕಣದ ದೃಷ್ಟಿಯಲ್ಲಿ ದೇವರು ಆಯಗಾರರಲ್ಲಿ ಮೊದಲಿಗ. ಮಳೆ ಕೊಟ್ಟದ್ದಕ್ಕೆ, ಮೊಳಕೆ ಬರಿಸಿದ್ದಕ್ಕೆ ಅವನಿಗೊಂದು ಆಯ. ಅವನ ಪಾಲು ಅವನಿಗೆ ಸಂದ ಮೇಲೆ ಉಳಿದದ್ದರಲ್ಲಿ ಅವನು ಕೈಹಾಕುವಂತಿಲ್ಲ.

ಎತ್ತುಗಳ ವಿಷಯದಲ್ಲಿಯೂ ಇಂಥದೇ ವಿಂಗಡಣೆ ಕಾಣುತ್ತದೆ. ಮ್ಯಾಸಬೇಡರು ಮತ್ತು ಕಾಡುಗೊಲ್ಲರಲ್ಲಿ 'ದೇವರ ಎತ್ತು'ಗಳ ಪರಂಪರೆಯಿದೆ. ಕಿಲಾರಿಗಳು ಕಾಯುವ ಈ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಅವು ಪೂಜೆಗೊಳ್ಳುವುದು ದುಡಿಮೆಗಾಗಿ ಅಲ್ಲ. ಉಳುವ ಎತ್ತುಗಳಿಗೆ ಕಾರಹುಣ್ಣಿಮೆ ಇದೆ. ಕೊಂಬಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸಿ, ಓಡಿಸಿ ಸಂಭ್ರಮಿಸುವ ಆ ದಿನ ದುಡಿಯುವ ಪ್ರಾಣಿಗೆ ಸಲ್ಲುವ ಗೌರವದ ದಿನ. ದುಡಿಯದ ಪಾವಿತ್ರ್ಯಕ್ಕೆ ಒಂದು ಹಬ್ಬ, ದುಡಿಯುವ ಮೈಗೆ ಇನ್ನೊಂದು ಹಬ್ಬ. ಒಂದನ್ನು ಇನ್ನೊಂದು ನುಂಗದಂತೆ ಜನಪದರು ಎರಡನ್ನೂ ಇಟ್ಟುಕೊಂಡಿದ್ದಾರೆ. ಇದೇ ರೀತಿ ಬೀಸುವ ಪದಗಳ ಆರಂಭದ ಸ್ಮರಣೆಯಲ್ಲಿ ಗುರು, ತಂದೆತಾಯಿ, ಊರದೇವರುಗಳ ಸಾಲಿನಲ್ಲೇ ಬೀಸುವ ಕಲ್ಲಿಗೂ ಸ್ಥಾನವಿರುವುದುಂಟು.

ಆದರೆ ಕಣದ ಈ ಚಿತ್ರವನ್ನು ಸಾಮರಸ್ಯದ ಚಿತ್ರವೆಂದು ಬಣ್ಣಿಸಿ ಮುಗಿಸುವ ರೂಢಿ ನಮ್ಮ ಜಾನಪದ ಬರಹಗಳಲ್ಲಿ ಸಾಕಷ್ಟು ಬೆಳೆದಿದೆ. ಅದು ಅರ್ಧಸತ್ಯ. ಪಾಲುಗಾರರು ಹಲವರಿದ್ದರೂ ಪಾಲುಗಳು ಸಮನಾಗಿರಲಿಲ್ಲ. ವರ್ಷವಿಡೀ ಹೊಲದಲ್ಲಿ ಬೆನ್ನು ಬಗ್ಗಿಸಿದ ಜೀತದಾಳಿಗೆ ಹಲವು ಊರುಗಳಲ್ಲಿ ಸಿಗುತ್ತಿದ್ದುದು ರಾಶಿ ಎತ್ತಿದ ಮೇಲೆ ನೆಲದಲ್ಲಿ ಮಣ್ಣು ಬೆರೆತು ಉಳಿದ ಕಾಳು. ದೇವರ ಅಳತೆ ಮೊದಲನೆಯದು, ದುಡಿದವನ ಅಳತೆ ಕೊನೆಯದು. ಜೀತ ಕಾನೂನಿನ ಪ್ರಕಾರ ರದ್ದಾದುದು 1976ರಲ್ಲಿ. ಅಲ್ಲಿಯತನಕ, ಎಷ್ಟೋ ಕಡೆ ಅದಾದ ಮೇಲೆಯೂ, ಫಲದ ಶ್ರೇಯಸ್ಸನ್ನು ದೇವರಿಗೆ ಒಪ್ಪಿಸುವ ಮಾತು ಒಡೆಯನ ಬಾಯಲ್ಲಿ ಬಂದಾಗ ಅದರ ಅರ್ಥವೇ ಬೇರೆಯಾಗುತ್ತಿತ್ತು. ರೈತ ತನ್ನ ಸ್ವಂತ ದುಡಿಮೆಯನ್ನು ದೇವರ ಹೆಸರಿಗೆ ಬರೆಯುವುದು ವಿನಯ; ಒಡೆಯ ತನ್ನ ಆಳಿನ ದುಡಿಮೆಯನ್ನು ದೇವರ ಹೆಸರಿಗೆ ಬರೆಯುವುದು ಲೆಕ್ಕ ತಪ್ಪಿಸುವ ಉಪಾಯ. 'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆ ಹುಟ್ಟಿದ್ದು ಈ ಬಗೆಯ ಅನುಭವದಿಂದಲೇ. ಗಾದೆಯಲ್ಲಿ ದೇವರ ಮೇಲೆ ದೂರಿಲ್ಲ, ನಡುವೆ ನಿಂತವನ ಮೇಲಿದೆ.

ಈ ನಡುವಣ ಕೈಗಳ ವಿಷಯ ಬಂದಾಗ ಈ ಸೀಮೆಯ ಬರಹಗಾರರು ಮೌನವಾಗಿರಬಾರದ ಇನ್ನೊಂದು ಸಂಗತಿಯಿದೆ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಭಾಗದ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಉಚ್ಚಂಗಿದುರ್ಗದ ಉಚ್ಚಂಗೆಮ್ಮ, ಹುಲಿಗಿಯ ಹುಲಿಗೆಮ್ಮ, ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವ ಪದ್ಧತಿ ಬಹುಕಾಲ ನಡೆಯಿತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಗಂಡುಮಕ್ಕಳಿಲ್ಲದ ಮನೆಯನ್ನು ನಡೆಸಲು ಮಗಳನ್ನು ದೇವರಿಗೆ ಬಿಡುತ್ತಿದ್ದರು. ಕೂಲಿ ಮಾಡಿ ತಂದೆತಾಯಿಗಳನ್ನೂ ಮಕ್ಕಳನ್ನೂ ಸಾಕುತ್ತಿದ್ದವಳು ಅವಳೇ. ಆ ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಅವಳ ದುಡಿಮೆಯಿಂದ; ಅದರ ಹೆಸರು 'ಅಮ್ಮನ ದಯೆ'. ದೇವರಿಗೆ ಶ್ರೇಯಸ್ಸು ಸಲ್ಲಬೇಕೆ ಎಂಬ ಪ್ರಶ್ನೆ ಇಂಥ ಬಾಳುಗಳ ಎದುರಿನಲ್ಲಿ ಕೇವಲ ನಂಬಿಕೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಯಾರ ದುಡಿಮೆ ಯಾರ ಹೆಸರಿನಲ್ಲಿ ಮಾಯವಾಯಿತು ಎಂಬುದು ಅದರ ಒಳಗಿನ ಪ್ರಶ್ನೆ.

ದೇವರ ಹೆಸರು ಹೀಗೆ ದುಡಿದವರ ಪಾಲನ್ನು ನುಂಗಬಲ್ಲದೆಂಬ ಅರಿವು ಈ ಬಯಲಿನ ಧಾರ್ಮಿಕ ಪರಂಪರೆಯ ಒಳಗಿನಿಂದಲೇ ಮೂಡಿದೆ. ಗುಡೇಕೋಟೆಯ ದಕ್ಷಿಣಕ್ಕಿರುವ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಐತಿಹ್ಯ ಇದಕ್ಕೆ ಸಾಕ್ಷಿ. ಕೊಟ್ಟೂರಿನ ಗುರುಬಸವೇಶ್ವರನೊಂದಿಗೆ ಪಂಚಗಣಾಧೀಶರಲ್ಲಿ ಒಬ್ಬನೆಂದು ಎಣಿಸಲಾಗುವ ಈತ, ಹೆಸರಿನಲ್ಲೇ ಗೊಬ್ಬರದ ತಿಪ್ಪೆಯನ್ನು ಇಟ್ಟುಕೊಂಡ ಸಂತ. ನಾಯಕನಹಟ್ಟಿಯ ಸುತ್ತ ಐದು ಕೆರೆಗಳನ್ನು ಕಟ್ಟಿಸಿದನೆಂದು ಪ್ರತೀತಿ. ಕೆರೆಯ ಕೆಲಸಕ್ಕೆ ಬಂದವರು ದಿನದ ಕೊನೆಗೆ ಮಣ್ಣಿನ ಗುಡ್ಡೆಗಳನ್ನು ಮಾಡುತ್ತಿದ್ದರೆಂದೂ, ಪ್ರತಿಯೊಬ್ಬನ ಗುಡ್ಡೆಯಲ್ಲಿ ಅವನ ಕೆಲಸಕ್ಕೆ ಸರಿಯಾದ ಕೂಲಿ ಸಿಗುತ್ತಿತ್ತೆಂದೂ ಐತಿಹ್ಯ ಹೇಳುತ್ತದೆ. ಹೆಚ್ಚು ದುಡಿದವನಿಗೆ ಹೆಚ್ಚು, ಮೈಗಳ್ಳನಿಗೆ ಕಡಿಮೆ.

ಪವಾಡಕಥೆಗಳಲ್ಲಿ ಇದು ಅಪರೂಪದ ಬಗೆ. ಸಾಮಾನ್ಯವಾಗಿ ಪವಾಡವೆಂದರೆ ದುಡಿಯದೆ ದೊರೆಯುವ ಫಲ: ಬರಿದಾದ ಪಾತ್ರೆ ತುಂಬುವುದು, ಒಣಗಿದ ಕೊರಡು ಕೊನರುವುದು. ತಿಪ್ಪೇರುದ್ರಸ್ವಾಮಿಯ ಪವಾಡ ನ್ಯಾಯವಾದ ಕೂಲಿಗಿಂತ ಒಂದು ಕಾಸನ್ನೂ ಹೆಚ್ಚು ಕೊಡುವುದಿಲ್ಲ. ಕೆರೆ ತೋಡಿದವರು ಮನುಷ್ಯರೇ. ಸ್ವಾಮಿ ಗುದ್ದಲಿ ಹಿಡಿಯದೆ ಕೆರೆಯಾಯಿತೆಂದು ಕಥೆ ಹೇಳುವುದಿಲ್ಲ. ದೈವಕ್ಕೆ ಇಲ್ಲಿ ಒಪ್ಪಿಸಿರುವ ಕೆಲಸ ಒಂದೇ, ಅಳತೆಯಲ್ಲಿ ಮೋಸವಾಗದಂತೆ ನೋಡಿಕೊಳ್ಳುವುದು. ಮೇಸ್ತ್ರಿಯೂ ಸಾಹುಕಾರನೂ ಕೂಲಿಯಲ್ಲಿ ಕೈಯಾಡಿಸುವ ಲೋಕದಲ್ಲಿ ಸರಿಯಾದ ಕೂಲಿ ಸಿಗುವುದೇ ಪವಾಡವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಈ ಸಂತನ ವಾಣಿಯೆಂದು ಪ್ರಸಿದ್ಧವಾಗಿರುವ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತಿನ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 'ನೀಡು' ಎಂಬುದು ಯಾರಿಗೆ ಹೇಳಿದ ಮಾತು ಎಂಬುದು ವಾಕ್ಯದಲ್ಲಿ ಬಯಲಾಗಿಲ್ಲ. ನೀನು ದುಡಿದಷ್ಟಕ್ಕೆ ತಕ್ಕಂತೆ ಬೇಡುವವರಿಗೆ ನೀಡು ಎಂದು ಒಕ್ಕಲಿಗನಿಗೆ ಹೇಳಿದಂತೆ ಓದಬಹುದು. ನಾನು ಮಾಡಿದಷ್ಟನ್ನು ನನಗೆ ನೀಡು ಎಂದು ದೈವಕ್ಕೆ ಅಥವಾ ಒಡೆಯನಿಗೆ ಹೇಳಿದಂತೆಯೂ ಓದಬಹುದು. ಜನಬಳಕೆಯಲ್ಲಿ ನಿಂತಿರುವುದು ಮುಖ್ಯವಾಗಿ ಮಾಡಿದ ಕೆಲಸಕ್ಕೆ ತಕ್ಕ ಫಲ ಎಂಬ ಅರ್ಥ. ಹಾಗೆ ಓದಿದಾಗ ಕೊನೆಯ ಪದ ತಡೆದು ನಿಲ್ಲಿಸುತ್ತದೆ. ದುಡಿದು ಪಡೆಯುವುದು ಹಕ್ಕು. ಅದನ್ನು ಭಿಕ್ಷೆ ಎಂದು ಕರೆಯುವುದೇಕೆ? ಅಳತೆಯಲ್ಲಿ ಇದು ಹಕ್ಕು, ಪಡೆಯುವ ರೀತಿಯಲ್ಲಿ ಭಿಕ್ಷೆ. 'ಮಾಡಿದಷ್ಟು' ಎಂಬ ಪದ ದುಡಿದವನ ಪಾಲನ್ನು ಕಾಯುತ್ತದೆ. 'ಭಿಕ್ಷೆ' ಎಂಬ ಪದ ಅವನ ಸೊಕ್ಕನ್ನು ಕಾಯುತ್ತದೆ. ಎರಡರಲ್ಲಿ ಯಾವುದನ್ನು ಕೈಬಿಟ್ಟರೂ ಮಾತು ಕೆಡುತ್ತದೆ. ನಾಯಕನಹಟ್ಟಿಯ ಜಾತ್ರೆಯಲ್ಲಿ ಮುಕ್ತಿಬಾವುಟವನ್ನು ಹರಾಜಿನಲ್ಲಿ ಲಕ್ಷಾಂತರ ರೂಪಾಯಿಗೆ ಕೂಗಿ ಪಡೆಯುವ ರೂಢಿ ಈಚಿನ ವರ್ಷಗಳಲ್ಲಿ ಸುದ್ದಿಯಾಗುತ್ತ ಬಂದಿದೆ. ಹಣವಿದ್ದವರು ತಮ್ಮ ಗೆಲುವನ್ನು ದೇವರ ಮುಂದೆ ಸಾರ್ವಜನಿಕವಾಗಿ ನಮೂದಿಸುವ ಈ ಬಗೆಗೂ ಮಣ್ಣಿನ ಗುಡ್ಡೆಯ ಕಥೆಗೂ ಇರುವ ಅಂತರ ಸಣ್ಣದಲ್ಲ.

ತಿಪ್ಪೇರುದ್ರಸ್ವಾಮಿಯ ಐತಿಹ್ಯದ ಹಿಂದೆ 12ನೆಯ ಶತಮಾನದ ಶರಣರ ಕಾಯಕತತ್ತ್ವವಿರುವುದು ಸ್ಪಷ್ಟ. ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಪ್ರಸಂಗದಲ್ಲಿ, ನಿತ್ಯಕ್ಕಿಂತ ಹೆಚ್ಚಾಗಿ ಗಂಡ ಆಯ್ದು ತಂದ ಅಕ್ಕಿಯನ್ನು ಹೆಂಡತಿ ಹಿಂದಕ್ಕೆ ಕಳುಹಿಸುತ್ತಾಳೆ. ನುಲಿಯ ಚಂದಯ್ಯನ ಪ್ರಸಂಗದಲ್ಲಿ ಕೈಯಿಂದ ಜಾರಿದ ಲಿಂಗವನ್ನು ಬಿಟ್ಟು ಅವನು ಹುಲ್ಲಿನ ಹೊರೆಯೊಡನೆ ಮುಂದೆ ಸಾಗುತ್ತಾನೆ. ಲಿಂಗವೇ ಅವನ ಬೆನ್ನು ಹತ್ತಿ ಬರಬೇಕಾಗುತ್ತದೆ. ಕಾಯಕವನ್ನು ಮ್ಯಾಕ್ಸ್ ವೆಬರ್ 1904-05ರಲ್ಲಿ ಮಂಡಿಸಿದ ಪ್ರೊಟೆಸ್ಟೆಂಟ್ ದುಡಿಮೆಯ ನೀತಿಯೊಡನೆ ಹೋಲಿಸುವ ಪ್ರಯತ್ನಗಳು ನಡೆದಿವೆ. ಹೋಲಿಕೆ ಒಂದು ಹಂತದವರೆಗೆ ಮಾತ್ರ ಸರಿ. ವೆಬರ್ ವಿವರಿಸುವ ಭಕ್ತನಿಗೆ ಲೌಕಿಕ ಯಶಸ್ಸು ತಾನು ದೇವರ ಕೃಪೆಗೆ ಪಾತ್ರನೆಂಬುದರ ಗುರುತು. ಲಕ್ಕಮ್ಮನಿಗೆ ಹೆಚ್ಚುವರಿ ಅಕ್ಕಿ ಕೃಪೆಯ ಗುರುತಲ್ಲ, ಅನುಮಾನಕ್ಕೆ ಕಾರಣ. ಹೆಚ್ಚು ಗಳಿಸಿದವನನ್ನು ದೇವರು ಹೆಚ್ಚು ಮೆಚ್ಚಿದ್ದಾನೆ ಎಂಬ ತೀರ್ಮಾನಕ್ಕೆ ಕಾಯಕದಲ್ಲಿ ದಾರಿಯಿಲ್ಲ.

ದೇವರ ಮಾತೇ ಇಲ್ಲದೆ ಗೆಲುವು ಪೂರ್ತಿಯಾಗಿ ಮನುಷ್ಯರ ಕೈಗೆ ಸಲ್ಲುವ ಕಥನವೂ ಈ ನೆಲದಲ್ಲಿದೆ. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದು ಕೊಂದ ಓಬವ್ವನ ತವರು ಗುಡೇಕೋಟೆ ಎಂಬುದು ಇಲ್ಲಿನ ಬಲವಾದ ಐತಿಹ್ಯ. ಕೋಟೆ ಹೈದರನ ವಶವಾದದ್ದು 1779ರಲ್ಲಿ; ಕಥೆ ಅದಕ್ಕೆ ಮುಂಚಿನ ಮುತ್ತಿಗೆಯೊಂದಕ್ಕೆ ಸಂಬಂಧಿಸಿದ್ದು. 1972ರ 'ನಾಗರಹಾವು' ಚಲನಚಿತ್ರ ಅದನ್ನು ನಾಡಿನ ಮನೆಮನೆಗೆ ಮುಟ್ಟಿಸಿತು. 2021ರಿಂದ ನವೆಂಬರ್ 11ರಂದು ಸರ್ಕಾರ ಅವಳ ಜಯಂತಿಯನ್ನು ಆಚರಿಸುತ್ತಿದೆ. ಅವಳ ಹೆಸರಿನಲ್ಲಿ ದೇವರಿದ್ದಾನೆ. ಓಬ, ಓಬಳ ಎಂಬುವು ಅಹೋಬಲದ ತದ್ಭವರೂಪಗಳು. ಓಬಯ್ಯ, ಓಬಣ್ಣ, ಓಬವ್ವ ಎಂಬ ಹ��ಸರುಗಳು ಈ ಸೀಮೆಯಲ್ಲಿ ಸಾಮಾನ್ಯ. ಆದರೆ ಅವಳ ಕೃತ್ಯದಲ್ಲಿ ದೇವರು ಪ್ರವೇಶಿಸುವುದಿಲ್ಲ. ಆಕಾಶವಾಣಿಯಿಲ್ಲ, ಕನಸಿನಲ್ಲಿ ದೇವಿ ಕಾಣಿಸಿಕೊಳ್ಳುವುದಿಲ್ಲ, ಮೈಮೇಲೆ ಆವೇಶ ಬರುವುದಿಲ್ಲ. ಉಣ್ಣಲು ಕುಳಿತ ಕಾವಲುಗಾರ ಗಂಡನಿಗೆ ನೀರು ತರಲು ಹೋದ ಹೆಂಗಸು, ಮನೆಯ ಕುಟ್ಟುವ ಸಾಧನ, ಇಕ್ಕಟ್ಟಾದ ಒಂದು ಕಿಂಡಿ, ಇಷ್ಟೇ ಕಥೆಯ ಸಾಮಗ್ರಿ. ನಿತ್ಯ ಭತ್ತ ಕುಟ್ಟಿ ಪಳಗಿದ ತೋಳುಗಳೇ ಅಲ್ಲಿ ಆಯುಧ. ಪಾಳೆಯಗಾರರು ಗೆದ್ದಾಗ ಮನೆದೇವತೆಯ ಕೃಪೆಯನ್ನು ಸಾರಿ ಗುಡಿಗಳಿಗೆ ದತ್ತಿ ಬಿಡುತ್ತಿದ್ದರು. ಅಧಿಕಾರಕ್ಕೆ ದೈವದ ಮುದ್ರೆ ಬೇಕಾಗಿತ್ತು. ಕಾವಲುಗಾರನ ಹೆಂಡತಿಗೆ ಅದು ಬೇಕಾಗಲಿಲ್ಲ. ಜನ ಅವಳಿಗೆ ಕೊಟ್ಟ ಬಿರುದೂ ಅವಳ ಸಾಧನದ್ದೇ.

ಮ್ಯಾಸಬೇಡರ ಸಾಂಸ್ಕೃತಿಕ ವೀರ ಗಾದ್ರಿಪಾಲನಾಯಕನ ವಿಷಯದಲ್ಲಿ ಹರಿವು ತಿರುಗಿದೆ. ದನಗಳನ್ನು ಕಾಯುತ್ತ ಹುಲಿಯೊಡನೆ ಹೋರಾಡಿ ಮಡಿದವನೆಂದು ಕಥನ ಹಾಡುವ ಈತ ಇಂದು ಪೂಜೆಗೊಳ್ಳುವ ದೈವ. ದೇವರು ಕಾಪಾಡಿದ್ದರಿಂದ ಅವನು ಗೆದ್ದನೆಂದಲ್ಲ. ಕಾಯುವ ಕೆಲಸವನ್ನು ಸಾಯುವ ತನಕ ಮಾಡಿದ್ದರಿಂದ ಅವನೇ ದೇವರಾದ. ಜುಂಜಪ್ಪ, ಎತ್ತಪ್ಪ ಮೊದಲಾದ ಕಾಡುಗೊಲ್ಲರ ದೈವಗಳ ಹಿಂದೆಯೂ ಇಂಥ ದುಡಿದ ಬಾಳುಗಳೇ ಇವೆ.

ಹಾಗಾದರೆ ದೇವರಿಗೆ ಆ ಮೊದಲ ಅಳತೆಯನ್ನಾದರೂ ಏಕೆ ಕೊಡಬೇಕು? ಇದಕ್ಕೆ ಉತ್ತರ ಹಡಗಲಿ ಸೀಮೆಯ ಮೈಲಾರದಲ್ಲಿ ದೊರೆಯುತ್ತದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ, 'ಸದ್ದಲೇ' ಎಂದು ಜನಸಮುದ್ರವನ್ನು ನಿಶ್ಶಬ್ದಗೊಳಿಸಿ ಒಂದೇ ಒಂದು ವಾಕ್ಯದ ಕಾರಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಒಗಟಿನಂಥ ಮಾತನ್ನು ರೈತರು ಮುಖ್ಯವಾಗಿ ಮಳೆ ಬೆಳೆಗಳಿಗೆ ಅನ್ವಯಿಸಿಕೊಳ್ಳುತ್ತಾರೆ. ರಾಜಕಾರಣಕ್ಕೆ ಅನ್ವಯಿಸುವ ಉತ್ಸಾಹ ಪತ್ರಿಕೆಗಳದು. ರೈತ ಅಲ್ಲಿ ಕೇಳಲು ಹೋಗುವುದು ತಾನು ಹೇಗೆ ಉಳಬೇಕೆಂಬುದನ್ನಲ್ಲ. ಅದು ಅವನಿಗೆ ಗೊತ್ತಿದೆ. ತನ್ನ ಕೈಯಳತೆಯಲ್ಲಿಲ್ಲದ್ದನ್ನು ಕೇಳಲು ಅವನು ಹೋಗುತ್ತಾನೆ. ದುಡಿಮೆ ಮುಗಿದ ಕಡೆ ಕಾರಣಿಕ ಶುರುವಾಗುತ್ತದೆ. ಕಣದ ಮೊದಲ ಅಳತೆ ಈ ಅಂಚಿನ ಗುರುತು: ಫಲದಲ್ಲಿ ದುಡಿಮೆಯಿಂದ ವಿವರಿಸಲಾಗದ ಭಾಗವೊಂದಿದೆ ಎಂಬುದರ ಲೆಕ್ಕ.

ಈ ಲೆಕ್ಕದ ಮಹತ್ವ ಗೆದ್ದವನಿಗಿಂತ ಸೋತವನಿಗೆ ಹೆಚ್ಚು. ಮಳೆ ಬಾರದಿದ್ದಾಗ ಜನಪದರು ದೇವರನ್ನೂ ಹೊಣೆಗಾರನನ್ನಾಗಿಸುತ್ತಾರೆ. ಗರ್ಭಗುಡಿಯ ಬಾಗಿಲಿಗೆ ಅಡ್ಡಕಟ್ಟಿ ಶಿವಲಿಂಗ ಮುಳುಗುವಂತೆ ನೀರು ತುಂಬುವುದುಂಟು. ಭಾದ್ರಪದದಲ್ಲಿ ಅಂಬಿಗರ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತರುವ ಜೋಕುಮಾರನಂತೂ ಹುಣ್ಣಿಮೆಯ ಹೊತ್ತಿಗೆ ಕೊಲೆಯಾಗಿ, ಭೂಲೋಕದವರ ಕಷ್ಟವನ್ನು ಶಿವನಿಗೆ ಒಪ್ಪಿಸಿ ಮಳೆ ತರಬೇಕು. ಪಾಲು ಪಡೆಯುವವನು ನಷ್ಟದಲ್ಲಿಯೂ ಪಾಲುದಾರ ಎಂಬ ಒಕ್ಕಲುತನದ ನ್ಯಾಯ ಇಲ್ಲಿದೆ. ದುಡಿದವನಿಗೆ ಗೆಲುವು ಖಂಡಿತವೆಂಬ ಮಾತು ಶಾಲೆಯ ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಅದನ್ನು ತಿರುಗಿಸಿ ಓದಿದರೆ ಸೋತವನು ದುಡಿಯಲಿಲ್ಲ ಎಂಬ ಆರೋಪ ಹೊರಬೀಳುತ್ತದೆ. ಮೂರು ಸಲ ಬಿತ್ತಿ ಮೂರು ಸಲವೂ ಮಳೆ ತಪ್ಪಿದ ಕೂಡ್ಲಿಗಿಯ ರೈತನ ಮೇಲೆ ಆ ಆರೋಪ ಹೊರಿಸುವವರು ಕಣದ ಲೆಕ್ಕವನ್ನು ಅರಿತವರಲ್ಲ.

ಕೊಳವೆಬಾವಿಗಳು ಈ ಲೆಕ್ಕವನ್ನು ಬಹುಮಟ್ಟಿಗೆ ಬದಲಿಸಿವೆ. ತೆಂಗಿನಕಾಯಿಯನ್ನು ಅಂಗೈಯಲ್ಲಿಟ್ಟು ನೀರಿನ ಸೆಲೆ ನೋಡುವವರನ್ನು ಕರೆಸಿ, ಗಂಗೆಯನ್ನು ಪೂಜಿಸಿ ಕೊರೆಸುತ್ತಾರೆ. ನೀರು ಬಿದ್ದರೆ ಅದು ಗಂಗಮ್ಮನ ಕೃಪೆ. ಬೀಳದಿದ್ದರೆ ಸಾಲ ಮಾತ್ರ ಕೊರೆಸಿದವನದು. ಆ ನಷ್ಟದಲ್ಲಿ ದೇವರಾಗಲಿ, ಕಾಯಿ ಹಿಡಿದವನಾಗಲಿ, ಕೊರೆಯುವ ಯಂತ್ರದವನಾಗಲಿ ಪಾಲುದಾರನಲ್ಲ. ಕೆರೆ ಊರಿನದು, ಮಳೆ ಎಲ್ಲರದು; ಕೊಳವೆಬಾವಿ ಒಬ್ಬನದು. ಊರಿಗೆಲ್ಲ ಬಂದ ಬರದಲ್ಲಿ ಯಾರಿಗೂ ಒಬ್ಬಂಟಿಯಾದ ಅವಮಾನವಿರಲಿಲ್ಲ. ಪಕ್ಕದ ಹೊಲದಲ್ಲಿ ನೀರು ಚಿಮ್ಮಿ ತನ್ನಲ್ಲಿ ಧೂಳೆದ್ದವನಿಗೆ ಅದು ತಪ್ಪಿದ್ದಲ್ಲ. ಆಗ ಅವನ ಬಾಯಲ್ಲಿ ಬರುವುದು 'ನನ್ನ ಹಣೆಬರಹ' ಎಂಬ ಮಾತು. ಗೆಲುವು ದೇವರದು, ಸೋಲು ನನ್ನದು ಎಂಬ ಈ ಹಂಚಿಕೆ ಕಣದ ಹಂಚಿಕೆಗೆ ಪೂರ್ತಿ ಹೊರತಾದುದು.

ಕಣಗಳೂ ಈಗ ವಿರಳವಾಗುತ್ತಿವೆ. ಜೋಳದ ತೆನೆ ಡಾಂಬರು ರಸ್ತೆಯ ಮೇಲೆ ವಾಹನಗಳ ಗಾಲಿಗೆ ಸಿಕ್ಕಿ ಒಕ್ಕಣೆಯಾಗುವುದನ್ನು, ಮೆಕ್ಕೆಜೋಳ ಯಂತ್ರದಿಂದ ನೇರವಾಗಿ ಚೀಲಕ್ಕಿಳಿಯುವುದನ್ನು ಕೊಟ್ಟೂರಿನ ದಾರಿಯುದ್ದಕ್ಕೂ ಕಾಣಬಹುದು. ಮಾರುಕಟ್ಟೆಯ ತಕ್ಕಡಿ ಸೊನ್ನೆಯಿಂದ ಆರಂಭವಾಗುತ್ತದೆ. ಅದರಲ್ಲಿ 'ಲಾಭ' ಎಂಬ ಅಂಕಿಯಿಲ್ಲ. ನಿಯಂತ್ರಿತ ಮಾರುಕಟ್ಟೆಗಳು ಬರುವ ಮೊದಲು ದಲ್ಲಾಳಿಗಳು ರೈತನ ಹಣದಲ್ಲಿ 'ಧರ್ಮಾದಾಯ' ಎಂಬ ಹೆಸರಿನಲ್ಲಿ ಕಡಿತ ಮಾಡುತ್ತಿದ್ದರು. ದೇವರ ಪಾಲು ಪೇಟೆಗೆ ಬಂದು ತಾಳಿದ ರೂಪ ಅದು. ಕೊಡುವವನು ರೈತ, ಪುಣ್ಯ ಅಂಗಡಿಯವನಿಗೆ. ಈಗಿನ ಪಟ್ಟಿಯಲ್ಲಿ ಹಮಾಲಿ, ತೂಕದ ಕೂಲಿಗಳ ಕಲಮುಗಳಿವೆ, ದೇವರ ಕಲಮಿಲ್ಲ. ಆದರೂ ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲುವ ಮನೆತನಗಳು ನಿಂತಿಲ್ಲ. ರೊಟ್ಟಿ, ಪಲ್ಯ, ಕಡುಬುಗಳ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಬೆಳೆಯ ಸಾಲುಗಳ ನಡುವೆ 'ಹುಲಿಗೋ' ಎನ್ನುತ್ತ ನಾಲ್ಕು ದಿಕ್ಕಿಗೂ ಎಡೆಯನ್ನು ಎರಚುತ್ತಾರೆ. ಮೊದಲು ಭೂಮಿಗೆ, ಆಮೇಲೆ ಹಕ್ಕಿಪಕ್ಷಿಗಳಿಗೆ. ಬುಟ್ಟಿಯಲ್ಲಿ ಉಳಿದುದನ್ನು ಮನೆಯವರೂ ಆಳುಗಳೂ ನೆರೆಹೊಲದವರೂ ಮರದ ನೆರಳಿನಲ್ಲಿ ಕುಳಿತು ಉಣ್ಣುತ್ತಾರೆ.